ಎಂಜಿನ್ ಹೊಸದು, ಬೆಲೆ ಯಾಕೆ ಹಳೇದು?

ಮೊದಲೇ ಹೇಳಿಬಿಡ್ತೀನಿ, ನಮ್ಮ ಹಾಸ್ಟೆಲ್ ಪಾರ್ಕಿಂಗಿನಲ್ಲಿ ಪೋರ್ಷೆ ನಿಲ್ಲಿಸಿರೋರು ಯಾರೂ ಇಲ್ಲ. ಇರೋದು ಸೆಕೆಂಡ್ ಹ್ಯಾಂಡ್ ಪಲ್ಸರ್‌ಗಳು, ಒಂದೆರಡು ಆರ್‌ಎಕ್ಸ್ 100, ಯಾರದೋ ಅಪ್ಪನ ಕಾಲದ ಒಂದು ಸ್ಕೂಟರ್. ಆದ್ರೂ ಈ ಲೇಖನ ಎಂಜಿನ್ ಬದಲಾಯಿಸಿದ ಹಳೇ ಸ್ಪೋರ್ಟ್ಸ್ ಕಾರನ್ನು ಮಾರೋದರ ಬಗ್ಗೆ. ಯಾಕಂದ್ರೆ ಈ ಒಂದೇ ಉದಾಹರಣೆಯಲ್ಲಿ ನಾವು ಬೇರೆ ಬೇರೆ ಸಬ್ಜೆಕ್ಟ್ ಅಂತ ಓದೋ ಮೂರ್ನಾಲ್ಕು ವಿಷಯಗಳು ಒಟ್ಟಿಗೆ ಸಿಗುತ್ತವೆ. ಮೆಕ್ಯಾನಿಕಲ್ ಅವರಿಗೆ ಬೇರಿಂಗು, ಐಇಎಂ ಅವರಿಗೆ ರಿಲಯಬಿಲಿಟಿ, ಎಲ್ಲರಿಗೂ ಸ್ವಲ್ಪ ಎಕನಾಮಿಕ್ಸ್, ಕೊನೆಗೆ ಆರ್‌ಟಿಒ.

ಪ್ರಶ್ನೆ ಸರಳವಾಗಿದೆ. ಹಳೇ ಎಂಜಿನ್ ಇರೋ ಕಾರಿಗಿಂತ ಹೊಸ ಎಂಜಿನ್ ಹಾಕಿದ ಕಾರಿಗೆ ಹೆಚ್ಚು ಬೆಲೆ ಸಿಗಬೇಕು ಅಲ್ವಾ? ಎಷ್ಟೋ ಸಲ ಸಿಗಲ್ಲ. ಕೆಲವು ಸಲ ಕಡಿಮೆ ಸಿಗುತ್ತೆ. "ಎಂಜಿನ್ ಚೇಂಜ್ ಆಗಿದೆ" ಅಂತ ಕೇಳಿದ ಕೂಡಲೇ ಕೊಳ್ಳೋಕೆ ಬಂದವರ ಮುಖ ಬದಲಾಗುತ್ತೆ. ಇದು ಮೂಢನಂಬಿಕೆನಾ, ಲೆಕ್ಕಾಚಾರನಾ?

ಒಂದು ನಿಜವಾದ ಕಾರು ತಗೊಳ್ಳೋಣ. ಪೋರ್ಷೆ 911ರ 996 ಮಾಡೆಲ್ 1997ರಲ್ಲಿ ಬಂತು. 911ರ ಇತಿಹಾಸದಲ್ಲಿ ನೀರಿನಿಂದ ತಂಪಾಗೋ ಎಂಜಿನ್ ಬಂದಿದ್ದು ಅದರಲ್ಲೇ ಮೊದಲು. ಅದರ ತಮ್ಮ ಅನ್ನಬಹುದಾದ ಬಾಕ್ಸ್‌ಟರ್ ಒಂದು ವರ್ಷ ಮುಂಚೆ, 1996ರಲ್ಲೇ ಬಂದಿತ್ತು. ಎರಡರಲ್ಲೂ ಎಂ96 ಅನ್ನೋ ಕುಟುಂಬದ ಆರು ಸಿಲಿಂಡರ್ ಎಂಜಿನ್. ಸಿಲಿಂಡರ್‌ಗಳು ನೆಟ್ಟಗೆ ನಿಂತಿರಲ್ಲ, ಮೂರು ಆ ಕಡೆ ಮೂರು ಈ ಕಡೆ ಮಲಗಿರುತ್ತವೆ. (996ರ ಟರ್ಬೊ ಮತ್ತು ಜಿಟಿ3 ಕಾರುಗಳಲ್ಲಿ ಇರೋದು ಬೇರೆ ಎಂಜಿನ್. ಈ ಕತೆ ಅವಕ್ಕೆ ಅನ್ವಯಿಸಲ್ಲ.)

ಈ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ನೇರವಾಗಿ ಕ್ಯಾಮ್‌ಶಾಫ್ಟ್ ತಿರುಗಿಸಲ್ಲ. ನಡುವೆ ಇಂಟರ್‌ಮೀಡಿಯೆಟ್ ಶಾಫ್ಟ್ ಅಂತ ಒಂದಿದೆ. ಕ್ರ್ಯಾಂಕ್‌ನಿಂದ ಚೈನ್ ಮೂಲಕ ಅದು ತಿರುಗುತ್ತೆ, ಅದರಿಂದ ಬೇರೆ ಚೈನ್‌ಗಳು ಕ್ಯಾಮ್‌ಗಳ ಕಡೆ ಹೋಗುತ್ತವೆ. ಈ ಶಾಫ್ಟಿನ ಒಂದು ತುದಿ, ಫ್ಲೈವೀಲ್ ಕಡೆಯದು, ಒಂದು ಸೀಲ್ ಮಾಡಿದ ಬಾಲ್ ಬೇರಿಂಗ್ ಮೇಲೆ ಕೂತಿರುತ್ತೆ. ಒಳಗೆ ಗ್ರೀಸ್ ತುಂಬಿ ಮುಚ್ಚಿರೋದು. ಕಾಲ ಕಳೆದ ಹಾಗೆ ಸೀಲ್ ಸವೆದು ಎಂಜಿನ್ ಆಯಿಲ್ ಒಳಗೆ ನುಗ್ಗುತ್ತೆ, ಗ್ರೀಸ್ ತೊಳೆದುಹೋಗುತ್ತೆ. ಆದ್ರೆ ಹೊಸ ಆಯಿಲ್ ಅಲ್ಲಿ ಸರಾಗವಾಗಿ ಹರಿದಾಡೋದೂ ಇಲ್ಲ. ಗ್ರೀಸೂ ಇಲ್ಲ, ಸರಿಯಾದ ಆಯಿಲೂ ಇಲ್ಲ. ಬೇರಿಂಗ್ ಕಿತ್ತುಹೋದ್ರೆ ಶಾಫ್ಟ್ ಅಲುಗಾಡುತ್ತೆ, ಚೈನ್ ಹಲ್ಲು ತಪ್ಪುತ್ತೆ, ವಾಲ್ವ್‌ಗಳು ಪಿಸ್ಟನ್‌ಗೆ ಹೊಡೀತವೆ. ಜೊತೆಗೆ ಕಬ್ಬಿಣದ ಪುಡಿ ಆಯಿಲ್ ಜೊತೆ ಇಡೀ ಎಂಜಿನ್ ಸುತ್ತುತ್ತೆ. ಅಂಗೈಯಲ್ಲಿ ಹಿಡಿಯೋ ಒಂದು ಬೇರಿಂಗಿನಿಂದ ಇಡೀ ಎಂಜಿನ್ ಸ್ಕ್ರ್ಯಾಪ್.

ಎಲ್ಲಾ ಕಾರಿನಲ್ಲೂ ಹೀಗಾಗಲಿಲ್ಲ. ಬಹಳಷ್ಟು ಇವತ್ತಿಗೂ ಮೊದಲ ಬೇರಿಂಗ್ ಮೇಲೇ ಓಡ್ತಿವೆ. ಆದ್ರೂ ಅಮೆರಿಕದಲ್ಲಿ ಮಾಲೀಕರೆಲ್ಲಾ ಸೇರಿ ಕೋರ್ಟಿಗೆ ಹೋಗಿ, 2013ರಲ್ಲಿ ಆ ಕೇಸು ಒಪ್ಪಂದದಲ್ಲಿ ಮುಗೀತು. 2009ರ ಮಾಡೆಲ್‌ಗೆ ಬಂದ ಹೊಸ ಎಂಜಿನ್ ವಿನ್ಯಾಸದಲ್ಲಿ ಪೋರ್ಷೆ ಈ ಶಾಫ್ಟನ್ನೇ ತೆಗೆದುಹಾಕಿತು.

ಈಗ ಅಮೆರಿಕದ ಒಬ್ಬ ಮಾಲೀಕರನ್ನ ಕಲ್ಪಿಸಿಕೊಳ್ಳಿ. ಅವರ 996ರ ಎಂಜಿನ್ ಹೋಗಿದೆ. ಲೆಕ್ಕಕ್ಕೆ ಸುಮ್ನೆ ಸಂಖ್ಯೆ ಹಿಡಿಯೋಣ, ಇವು ಮಾರ್ಕೆಟ್ ರೇಟ್ ಅಲ್ಲ. ಚೆನ್ನಾಗಿ ಓಡೋ ಅಂಥದೇ ಕಾರಿನ ಬೆಲೆ 25,000 ಡಾಲರ್. ಎಂಜಿನ್ ಕೆಟ್ಟ ಸ್ಥಿತಿಯಲ್ಲಿ ಹಾಗೇ ಮಾರಿದ್ರೆ 10,000. ಎಂಜಿನ್ ಬದಲಾಯಿಸೋ ಖರ್ಚು 18,000. ಮಾಲೀಕರ ತಲೆಯಲ್ಲಿ ಓಡೋ ಲೆಕ್ಕ ಏನಂದ್ರೆ, "ಕಾರು 25, ಅದಕ್ಕೆ ನಾನು ಹಾಕಿದ್ದು 18, ಕೊನೇ ಪಕ್ಷ 35 ಆದ್ರೂ ಬರಬೇಕು." ಕೊಳ್ಳೋರ ಲೆಕ್ಕ ಬೇರೆ. ಅವರಿಗೆ ಓಡೋ ಕಾರು ಬೇಕು, ಓಡೋ ಕಾರಿಗೆ 25,000. ಕಾರಿನಲ್ಲಿ ಎಂಜಿನ್ ಇರುತ್ತೆ ಅನ್ನೋದು ಆ 25ರಲ್ಲೇ ಸೇರಿದೆ! ಅಂದ್ರೆ ಎಂಜಿನ್‌ಗೆ ಹಾಕಿದ ದುಡ್ಡು ಬೆಲೆ ಮೇಲೆ ಕೂಡಲ್ಲ. ಕೆಟ್ಟ ಎಂಜಿನ್‌ನಿಂದ ಬಿದ್ದಿದ್ದ ಬೆಲೆಯನ್ನ ಮೊದಲಿದ್ದ ಜಾಗಕ್ಕೆ ತರುತ್ತೆ ಅಷ್ಟೇ. 25ರಲ್ಲಿ 18 ಕಳೆದ್ರೆ ಉಳಿಯೋದು 7,000. ಕೆಟ್ಟ ಕಾರನ್ನ ಹಾಗೇ ಮಾರಿದ್ರೆ 10,000 ಸಿಗ್ತಿತ್ತು. ಮಾರೋಕೆ ಅಂತಾನೇ ಎಂಜಿನ್ ಹಾಕಿಸೋದಾದ್ರೆ ಈ ಕಳೆಯೋ ಲೆಕ್ಕವನ್ನ ಗ್ಯಾರೇಜಿಗೆ ಹೋಗೋ ಮೊದಲೇ ಮಾಡಬೇಕು.

ಅದೂ 25,000 ಸಿಕ್ಕಿದ್ರೆ. ಸಿಗಲ್ಲ ಅನ್ನೋದಕ್ಕೆ ಕಾರಣ ಹೇಳಿದವರು ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು. 1970ರಲ್ಲಿ ಅವರು ಬರೆದ ಪೇಪರಿನ ವಿಷಯ ಸೆಕೆಂಡ್ ಹ್ಯಾಂಡ್ ಕಾರು ಮಾರ್ಕೆಟ್. ಅಮೆರಿಕದಲ್ಲಿ ಒಳಗೊಳಗೇ ಕೆಟ್ಟಿರೋ ಕಾರಿಗೆ 'ಲೆಮನ್' ಅಂತಾರೆ, ಪೇಪರಿನ ಹೆಸರಲ್ಲೂ ಆ ನಿಂಬೆಹಣ್ಣೇ ಇದೆ. ಅದನ್ನ ಕೆಲವು ಜರ್ನಲ್‌ಗಳು ವಾಪಸ್ ಕಳಿಸಿದ್ವು, ಆಮೇಲೆ 2001ರಲ್ಲಿ ಅವರಿಗೆ ನೊಬೆಲ್ ಬಂತು. (ಬ್ಯಾಕ್‌ಲಾಗ್ ಇರೋ ಗೆಳೆಯರು ಇದನ್ನ ಗಮನಿಸಬೇಕು.)

ವಾದ ಹೀಗಿದೆ. "ಎಂಜಿನ್ ಬದಲಾಗಿದೆ" ಅನ್ನೋ 10 ಕಾರು ಮಾರಾಟಕ್ಕಿವೆ ಅಂದ್ಕೊಳ್ಳಿ. ಐದರಲ್ಲಿ ಕೆಲಸ ಶಿಸ್ತಾಗಿ ಆಗಿದೆ, ಅವುಗಳ ಯೋಗ್ಯತೆ 25,000. ಇನ್ನೈದರಲ್ಲಿ ಗುಜರಿಯಿಂದ ತಂದ ಯಾವುದೋ ಎಂಜಿನ್ ಕೂರಿಸಿದ್ದಾರೆ, ಯೋಗ್ಯತೆ 13,000. ಹೊರಗಿಂದ ನೋಡಿದ್ರೆ ಎಲ್ಲಾ ಒಂದೇ ಥರ ಹೊಳೀತವೆ. ಬುದ್ಧಿವಂತ ಕೊಳ್ಳುಗರು ಸರಾಸರಿ ಹಿಡಿದು 19,000 ಹೇಳ್ತಾರೆ. ಒಳ್ಳೆ ಕಾರಿನವರಿಗೆ ಅವಮಾನ, "ನಾನು ಮಾರೋದೇ ಇಲ್ಲ" ಅಂತ ವಾಪಸ್ ಹೋಗ್ತಾರೆ. ಈಗ ಉಳಿದಿರೋದು ಬರೀ ಕೆಟ್ಟ ಐದು. ಕೊಳ್ಳೋರಿಗೆ ಇದೂ ಗೊತ್ತು, ಹಾಗಾಗಿ ಬೆಲೆ 13,000ಕ್ಕೆ ಇಳಿಯುತ್ತೆ. ಯಾರೂ ಸುಳ್ಳು ಹೇಳದೇ ಇದ್ರೂ ಒಳ್ಳೆ ಕಾರು ಮಾರ್ಕೆಟ್ಟಿಂದ ಮಾಯ.

ಹಾಗಾದ್ರೆ ಒಳ್ಳೆ ಕೆಲಸ ಮಾಡಿಸಿದವರು ಏನು ಮಾಡಬೇಕು? ತಮ್ಮ ಕಾರು ಆ ಇನ್ನೈದರ ಗುಂಪಿಗೆ ಸೇರಿದ್ದಲ್ಲ ಅಂತ ತೋರಿಸಬೇಕು. ಅದಕ್ಕೆ ಮಾತು ಸಾಲಲ್ಲ. ಮಾತು ಎಲ್ಲರಿಗೂ ಫ್ರೀ, ಕೆಟ್ಟ ಕಾರಿನವರೂ ಅದೇ ಮಾತು ಆಡ್ತಾರೆ. ಕೆಟ್ಟ ಕಾರಿನವರ ಹತ್ರ ಇರೋಕೆ ಸಾಧ್ಯವಿಲ್ಲದ ವಸ್ತು ಬೇಕು.

ಮೊದಲನೇದು, ಜಾಹೀರಾತಿನಲ್ಲಿ "ಹೊಸ ಎಂಜಿನ್" ಅಂತ ಬರೀಬೇಡಿ, ಅದು ಏನೂ ಹೇಳಲ್ಲ. ಕಾರ್ಖಾನೆಯಿಂದ ಬಂದ ಹೊಸದಾ? ಕಾರ್ಖಾನೆಯೇ ಹಳೇದನ್ನ ತಗೊಂಡು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿ ಕಳಿಸಿದ್ದಾ? ನಿಮ್ಮ ಎಂಜಿನ್ನನ್ನೇ ಹೊರಗಿನ ಗ್ಯಾರೇಜಿನವರು ಬಿಚ್ಚಿ ಕಟ್ಟಿದ್ದಾ? ಆಕ್ಸಿಡೆಂಟ್ ಆದ ಇನ್ನೊಂದು ಕಾರಿಂದ ಕಿತ್ತಿದ್ದಾ? ಈ ನಾಲ್ಕಕ್ಕೂ ನಾಲ್ಕು ಬೆಲೆ. ಪೋರ್ಷೆ ಕಾರ್ಖಾನೆಯಿಂದ ಬರೋ ಬದಲಿ ಎಂಜಿನ್ ನಂಬರಿನ ಜೊತೆ 'ಎಟಿ' ಅಂತ ಕೆತ್ತಿರುತ್ತಾರೆ, ಜರ್ಮನ್ ಭಾಷೆಯಲ್ಲಿ ವಿನಿಮಯ ಅನ್ನೋ ಪದದ ಗುರುತು ಅದು. ಎರಡಕ್ಷರದ ಒಂದು ಫೋಟೋ ಎರಡು ಪುಟದ ವರ್ಣನೆಗಿಂತ ಮೇಲು.

ಬಿಲ್ಲಿನಲ್ಲಿ ಎಂಜಿನ್ ನಂಬರ್, ಆ ದಿನದ ಓಡೋಮೀಟರ್ ರೀಡಿಂಗ್, ಹಾಕಿದ ಪಾರ್ಟುಗಳ ಪಟ್ಟಿ ಇರಬೇಕು. 996 ಆದ್ರೆ ಕೊಳ್ಳೋರು ಕೇಳೋ ಮೊದಲ ಪ್ರಶ್ನೆ, "ಬದಲಿ ಎಂಜಿನ್‌ನಲ್ಲಿ ಆ ಬೇರಿಂಗ್ ಯಾವುದು?" ಅದೇ ಹಳೇ ಥರದ್ದೇ ಬೇರಿಂಗ್ ಇರೋ ಇನ್ನೊಂದು ಎಂಜಿನ್ ಕೂರಿಸಿದ್ರೆ ಸಮಸ್ಯೆ ಬಗೆಹರಿದಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೇ. ಆಮೇಲೆ ಲೀಕ್‌ಡೌನ್ ಟೆಸ್ಟ್ ಮತ್ತು ಬೋರೋಸ್ಕೋಪ್ ಫೋಟೋ. ಈ ಎಂಜಿನ್‌ಗಳಲ್ಲಿ ಸಿಲಿಂಡರ್ ಗೋಡೆಗೆ ಗೀರು ಬೀಳೋ ಇನ್ನೊಂದು ಕಾಯಿಲೆಯೂ ಇದೆ, ಅದು ಕ್ಯಾಮೆರಾ ಒಳಗೆ ಬಿಟ್ಟು ನೋಡಿದ್ರೇನೇ ಕಾಣೋದು.

ನನಗೆ ತುಂಬಾ ಇಷ್ಟವಾದ ವಿವರ ಇಸಿಯುದು. ಈ ಕಾರುಗಳ ಇಸಿಯು ಎಂಜಿನ್ ಎಷ್ಟು ಗಂಟೆ ಓಡಿದೆ, ಯಾವಾಗ ಮಿತಿ ಮೀರಿ ಆರ್‌ಪಿಎಂ ಹೋಗಿದೆ ಅನ್ನೋದನ್ನ ಬರೆದಿಟ್ಟುಕೊಳ್ಳುತ್ತೆ. ಕೊಳ್ಳೋರು ಪರೀಕ್ಷೆಗೆ ಕೊಟ್ಟಾಗ ಆ ರಿಪೋರ್ಟ್ ತೆಗೀತಾರೆ. ಆದ್ರೆ ಎಂಜಿನ್ ಬದಲಾದ್ರೂ ಇಸಿಯು ಸಾಮಾನ್ಯವಾಗಿ ಹಳೇದೇ ಇರುತ್ತೆ! ಅಂದ್ರೆ ಅದರಲ್ಲಿರೋದು ಸತ್ತುಹೋದ ಎಂಜಿನ್‌ನ ಜಾತಕ. ಎಂಜಿನ್ ಬದಲಾಯಿಸಿದ ದಿನ ಇಸಿಯುನಲ್ಲಿ ಎಷ್ಟು ಗಂಟೆ ಇತ್ತು ಅಂತ ಬಿಲ್ ಮೇಲೆ ಬರೆಸಿಟ್ಟಿದ್ರೆ, ಯಾವ ತಪ್ಪು ಯಾವ ಎಂಜಿನ್‌ದು ಅಂತ ಬಿಡಿಸಿ ಹೇಳಬಹುದು. ಬರೆಸಿಲ್ಲ ಅಂದ್ರೆ ಹಳೇ ಎಂಜಿನ್‌ನ ಪಾಪ ಹೊಸದರ ತಲೆ ಮೇಲೆ.

ಇನ್ನೊಂದು ವಿಷಯ, ಯಾವಾಗ ಮಾರಬೇಕು ಅನ್ನೋದು. ಬಾತ್‌ಟಬ್ ಕರ್ವ್ ನೆನಪಿದೆ ಅಲ್ವಾ? ಶುರುವಿನಲ್ಲಿ ಫೇಲ್ಯೂರ್ ರೇಟ್ ಜಾಸ್ತಿ, ಆಮೇಲೆ ಸಮತಟ್ಟು, ಕೊನೆಗೆ ಸವೆತದಿಂದ ಮತ್ತೆ ಏರುತ್ತೆ. ಬಿಚ್ಚಿ ಕಟ್ಟಿದ ಎಂಜಿನ್‌ಗೂ ಶುರುವಿನ ಭಾಗ ಇದ್ದೇ ಇದೆ. ಸರಿಯಾಗಿ ಟೈಟ್ ಆಗದ ಬೋಲ್ಟ್, ಸೋರೋ ಗ್ಯಾಸ್ಕೆಟ್, ತಪ್ಪಾಗಿ ಕೂತ ಸೀಲ್, ಎಲ್ಲಾ ಹೊರಗೆ ಬರೋದು ಮೊದಲ ಕೆಲವು ನೂರು ಕಿಲೋಮೀಟರಲ್ಲೇ. 80 ಕಿಮೀ ಓಡಿದ "ಫ್ರೆಶ್" ಎಂಜಿನ್ ಅಂತ ಮಾರೋರು ತಮ್ಮ ಕಾರನ್ನ ಆ ಕರ್ವಿನ ಅತಿ ಎತ್ತರದ ಜಾಗದಲ್ಲಿ ನಿಲ್ಲಿಸಿ ಮಾರ್ತಿದ್ದಾರೆ. ಮೇಲಾಗಿ "ಇಷ್ಟೊಂದು ಖರ್ಚು ಮಾಡಿ ತಕ್ಷಣ ಯಾಕೆ ಮಾರ್ತಿದೀರಾ?" ಅನ್ನೋ ಪ್ರಶ್ನೆಗೆ ಒಳ್ಳೆ ಉತ್ತರ ಸಿಗೋದು ಕಷ್ಟ. ಕೆಲವು ಸಾವಿರ ಕಿಮೀ ಓಡಿಸಿ, ಆಯಿಲ್ ಬದಲಾಯಿಸಿ, ತೆಗೆದ ಆಯಿಲನ್ನ ಲ್ಯಾಬಿಗೆ ಕಳಿಸಿ ಅದರಲ್ಲಿ ಯಾವ ಲೋಹ ಎಷ್ಟಿದೆ ಅಂತ ರಿಪೋರ್ಟ್ ತಗೊಂಡು ಮಾರಿದ್ರೆ ಎರಡೂ ಅನುಮಾನಕ್ಕೆ ಒಂದೇ ಉತ್ತರ.

ಹಾಗಂತ ಎಂಜಿನ್ ಬದಲಾಗಿದ್ದು ಯಾವಾಗಲೂ ಕಳಂಕ ಅಲ್ಲ. ಮಾಜ್ಡಾ ಆರ್‌ಎಕ್ಸ್-8 ನೋಡಿ. 1.3 ಲೀಟರ್ ರೋಟರಿ ಎಂಜಿನ್, 2003ರಲ್ಲಿ ವರ್ಷದ ಅಂತಾರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಗೆದ್ದದ್ದು. ತ್ರಿಕೋನದ ರೋಟರ್‌ನ ತುದಿಯಲ್ಲಿರೋ ಸೀಲ್‌ಗಳು ಸವೆದು ಕಂಪ್ರೆಶನ್ ಬಿದ್ದುಹೋಗುತ್ತೆ. ಅಮೆರಿಕದಲ್ಲಿ ಮಾಜ್ಡಾ 2004ರಿಂದ 2008ರ ಮಾಡೆಲ್‌ಗಳಿಗೆ ಆ ಎಂಜಿನ್ ವಾರಂಟಿಯನ್ನ 8 ವರ್ಷ ಅಥವಾ 1 ಲಕ್ಷ ಮೈಲಿಗೆ ಹೆಚ್ಚಿಸಿತು. ಆ ಕಾರಿನ ಮಾರ್ಕೆಟ್‌ನಲ್ಲಿ ಎಲ್ಲಾ ತಲೆಕೆಳಗು, ಎಂಜಿನ್ ಬದಲಾಗಿದೆ ಅಂದ್ರೆ ಖುಷಿ, ಬದಲಾಗಿಲ್ಲ ಅಂದ್ರೆ "ಹಾಗಾದ್ರೆ ಅದು ನನ್ನ ತಲೆ ಮೇಲೆ ಬರುತ್ತಾ?" ಅನ್ನೋ ಭಯ. ಸಾಕ್ಷಿ ಕೇಳೋ ರೀತಿಯೂ ಬೇರೆ. ಸಾಮಾನ್ಯ ಕಂಪ್ರೆಶನ್ ಗೇಜ್ ರೋಟರ್‌ನ ಮೂರು ಮುಖಗಳಲ್ಲಿ ಅತಿ ಹೆಚ್ಚಿರೋದನ್ನ ಮಾತ್ರ ತೋರಿಸುತ್ತೆ, ಕೆಟ್ಟಿರೋ ಮುಖ ಅದರ ಹಿಂದೆ ಬಚ್ಚಿಟ್ಟುಕೊಳ್ಳುತ್ತೆ. ಎರಡು ರೋಟರ್‌ನ ಆರೂ ಮುಖಗಳನ್ನ ಬೇರೆ ಬೇರೆಯಾಗಿ ಅಳೆಯೋ ರೋಟರಿ ಟೆಸ್ಟರ್ ರಿಪೋರ್ಟೇ ಬೇಕು.

ಇನ್ನೂ ಒಂದು ಹೆಜ್ಜೆ ಮುಂದೆ 2014ರ 911 ಜಿಟಿ3. ಯೂರೋಪಿನಲ್ಲಿ ಎರಡು ಕಾರುಗಳಿಗೆ ಬೆಂಕಿ ಹತ್ತಿದ ಮೇಲೆ ಪೋರ್ಷೆ "ಓಡಿಸಬೇಡಿ" ಅಂತ ಮಾಲೀಕರಿಗೆ ಹೇಳಿತು. ಕನೆಕ್ಟಿಂಗ್ ರಾಡ್‌ನ ಸ್ಕ್ರೂ ಸಡಿಲವಾಗಿ, ರಾಡ್ ಕ್ರ್ಯಾಂಕ್‌ಕೇಸನ್ನ ಒಡೆದು, ಸೋರಿದ ಆಯಿಲ್ ಹೊತ್ತಿಕೊಂಡಿತ್ತು. ಕಂಪನಿ 785 ಕಾರುಗಳ ಎಂಜಿನ್ನನ್ನೂ ಬದಲಾಯಿಸಿಕೊಟ್ಟಿತು. ಆ ಗುಂಪಿನ ಕಾರು ಮಾರೋರು ಎಂಜಿನ್ ಬದಲಾಗಿದೆ ಅನ್ನೋದನ್ನ ಮುಚ್ಚಿಡಬೇಕಾಗಿಲ್ಲ, ಬದಲಾಗಿಲ್ಲ ಅಂದ್ರೇನೇ ಯಾರೂ ಹತ್ತಿರ ಬರಲ್ಲ! ಇಲ್ಲಿ ಅಕರ್ಲಾಫ್ ಹೇಳಿದ ತೊಂದರೆ ಹುಟ್ಟೋದೇ ಇಲ್ಲ, ಯಾಕಂದ್ರೆ ಕಾರಣ ಏನು, ಯಾರು ಮಾಡಿದ್ರು, ಯಾವ ಎಂಜಿನ್ ಹಾಕಿದ್ರು ಅನ್ನೋದು ಎಲ್ಲರಿಗೂ ಗೊತ್ತಿದೆ.

ಈಗ ನಮ್ಮ ಊರಿಗೆ ಬರೋಣ. ಅಮೆರಿಕದಲ್ಲಿ ಸಾಮಾನ್ಯವಾಗಿ ಮಾಲೀಕತ್ವದ ದಾಖಲೆ ಕಾರಿನ ವಿನ್ ನಂಬರ್ ಮೇಲೆ ನಿಂತಿರುತ್ತೆ. ನಮ್ಮ ಆರ್‌ಸಿಯಲ್ಲಿ ಚಾಸಿ ನಂಬರ್ ಜೊತೆ ಎಂಜಿನ್ ನಂಬರೂ ಇದೆ, ಇನ್ಶೂರೆನ್ಸ್ ಪಾಲಿಸಿಯಲ್ಲೂ ಇದೆ. ಹಾಗಾಗಿ ಇಲ್ಲಿ ಎಂಜಿನ್ ಬದಲಾಯಿಸೋದು ಬರೀ ಗ್ಯಾರೇಜ್ ಕೆಲಸ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ತಗೊಂಡು, ಬದಲಾಯಿಸಿದ 14 ದಿನದೊಳಗೆ ವರದಿ ಮಾಡಿ, ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಇದನ್ನ ಮಾಡದೇ ಮಾರೋಕೆ ಹೋದ್ರೆ ಮೇಲೆ ಹೇಳಿದ ಬಿಲ್ಲು, ಲ್ಯಾಬ್ ರಿಪೋರ್ಟ್ ಯಾವುದೂ ಉಪಯೋಗಕ್ಕೆ ಬರಲ್ಲ. ಗಾಡಿಯಲ್ಲಿ ಒಂದು ನಂಬರ್, ಕಾಗದದಲ್ಲಿ ಇನ್ನೊಂದು ಅಂದ್ರೆ ಪೊಲೀಸರ ಕಣ್ಣಿಗೆ ಮೊದಲು ಬರೋ ಯೋಚನೆ ಕಳ್ಳಮಾಲು ಅಂತಾನೇ.

ಮಾರಿದ ಮೇಲೂ ಕೆಲಸ ಮುಗಿಯಲ್ಲ. ಫಾರ್ಮ್ 29 ಮತ್ತು 30 ಹಾಕಬೇಕು, ಒಂದೇ ರಾಜ್ಯದೊಳಗೆ ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ. "ಆಮೇಲೆ ಮಾಡಿಸ್ಕೋತೀನಿ ಅಣ್ಣ" ಅಂತ ಕೊಂಡವರು ಹೇಳಿದ್ರೆ ಬಿಡಬೇಡಿ. ಆಕ್ಸಿಡೆಂಟ್ ಪರಿಹಾರದ ಕೇಸಿನಲ್ಲಿ ಆರ್‌ಸಿಯಲ್ಲಿ ಹೆಸರಿರೋರೇ ಮಾಲೀಕರು, ಗಾಡಿ ಕೈ ಬದಲಾಗಿದ್ರೂ ಅಷ್ಟೇ, ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಪೋರ್ಷೆ ಇಲ್ಲದಿದ್ರೂ ಇದು ನಮಗೆ ತಟ್ಟೋದು ಆರ್‌ಎಕ್ಸ್ 100 ವಿಷಯದಲ್ಲಿ. 1996ರಲ್ಲೇ ತಯಾರಿಕೆ ನಿಂತ ಬೈಕು, ಕೊನೇದಾಗಿ ಬಂದದ್ದಕ್ಕೂ ನಮಗಿಂತ ಜಾಸ್ತಿ ವಯಸ್ಸು. ಅಷ್ಟು ವರ್ಷದಲ್ಲಿ ಎಂಜಿನ್ ಬದಲಾಗಿರೋದು ಆಶ್ಚರ್ಯ ಅಲ್ಲ. 98 ಸಿಸಿ ಇರಬೇಕಾದ ಕಡೆ ಆರ್‌ಎಕ್ಸ್ 135ರ ಎಂಜಿನ್ ಕೂತಿರಬಹುದು. "ಪಿಕಪ್ ಸಖತ್ತಾಗಿದೆ ಮಗಾ" ಅಂತ ಯಾರಾದ್ರೂ ಮಾರೋಕೆ ಬಂದ್ರೆ ಟೆಸ್ಟ್ ರೈಡ್‌ಗಿಂತ ಮೊದಲು ಆರ್‌ಸಿ ಕೇಳಿ. ಚಾಸಿ ನಂಬರ್ ಹ್ಯಾಂಡಲ್ ಕೆಳಗಿನ ಫ್ರೇಮ್ ಕೊಳವೆ ಮೇಲಿರುತ್ತೆ, ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಮೇಲೆ. ಅದರ ಮೇಲೆ ಮೂವತ್ತು ವರ್ಷದ ಮಣ್ಣು, ಗ್ರೀಸು ಮೆತ್ತಿರುತ್ತೆ. ಒಂದು ಹಳೇ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಮೊಬೈಲ್ ಟಾರ್ಚ್ ಇದ್ರೆ ಐದು ನಿಮಿಷದ ಕೆಲಸ.