ಕಾಲೇಜು ಬಿಡುವ ಮಗುವನ್ನು ತಡೆದು ನಿಲ್ಲಿಸುವವರು ಯಾರು?



ಮಳೆಗಾಲದ ಆರಂಭದಲ್ಲಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ನಮ್ಮ ಊರುಗಳಿಂದ ಮಕ್ಕಳು ಕಾಲೇಜಿಗೆ ಹೊರಡುತ್ತಾರೆ. ತಂದೆ ಇಟ್ಟುಕೊಂಡ ತೊಗರಿ ಮಾರಿ ಪ್ರವೇಶದ ಹಣ ಕಟ್ಟುತ್ತಾನೆ, ತಾಯಿ ರೊಟ್ಟಿಯ ಬುತ್ತಿ ಕಟ್ಟುತ್ತಾಳೆ. ದೀಪಾವಳಿಗೆ ಊರಿಗೆ ಬಂದವರಲ್ಲಿ ಕೆಲವರು ಮತ್ತೆ ಹೋಗುವುದಿಲ್ಲ. ಕೇಳಿದರೆ, "ಅವಂಗ ವಿದ್ಯಾ ಹತ್ತಲಿಲ್ರಿ" ಎಂಬ ಒಂದೇ ಉತ್ತರ. ತಪ್ಪೆಲ್ಲ ಮಗುವಿನ ತಲೆಯ ಮೇಲೆ ಬೀಳುತ್ತದೆ. ಇದು ಸರಿಯೇ ಎಂದು ಈ ಸಲ ವಿಚಾರ ಮಾಡೋಣ.

ಬಿಡುವುದು ಒಂದು ದಿನದ ಕೆಲಸವಲ್ಲ

ನಾವೇ ಕಂಡ ಸಂಗತಿ ಇದು. ದ್ರಾಕ್ಷಿ ಬೆಳೆಗಾರರೊಬ್ಬರ ಮಗ ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಚೆನ್ನಾಗಿ ಓದಿದವನು. ಮುಂದೆ ವಿಜ್ಞಾನ ಹಿಡಿದು ಪಟ್ಟಣಕ್ಕೆ ಹೋದ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಗೆಳೆಯರ ಮಾತು ಮರಾಠಿಯಲ್ಲಿ. ತಿಳಿಯದ್ದನ್ನು ಕೇಳಲು ನಾಚಿ ಹಿಂದಿನ ಬೆಂಚಿಗೆ ಸರಿದ. ಆತ ತರಗತಿಗೆ ಬರುತ್ತಿಲ್ಲವೆಂಬುದು ಅಧ್ಯಾಪಕರ ಹಾಜರಿ ಪುಸ್ತಕದಲ್ಲಿತ್ತು. ಊಟ ಬಿಟ್ಟು ಮಲಗುತ್ತಾನೆಂಬುದು ಕೋಣೆಯ ಜೊತೆಗಾರನಿಗೆ ಗೊತ್ತಿತ್ತು. ಸಂಜೆ ಲೆಕ್ಕ ಬರೆಯಲು ಬರಬೇಕಾದವನು ಮಧ್ಯಾಹ್ನವೇ ಬಂದು ಕೂಡುತ್ತಿದ್ದುದನ್ನು ಅಡತ ಅಂಗಡಿಯ ಸಾಹುಕಾರರು ಕಂಡಿದ್ದರು. ಫೋನಿನಲ್ಲಿ ಮಗನ ದನಿ ಇಳಿದಿದೆ ಎಂದು ತಾಯಿಗೆ ಅನಿಸಿತ್ತು. ಜಾತ್ರೆಯಲ್ಲಿ ಸಿಕ್ಕಾಗ ನಾವೂ "ಹ್ಯಾಂಗ ನಡದೈತಿ ತಮ್ಮಾ?" ಎಂದು ಕೇಳಿದೆವು. "ಚಲೋ ಐತ್ರಿ" ಎಂದ. ಅಷ್ಟಕ್ಕೇ ಸಮಾಧಾನಪಟ್ಟು ಮುಂದೆ ನಡೆದೆವು.

ಐದು ಜನ ಕಂಡಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ವರ್ಷ ತುಂಬುವ ಮೊದಲೇ ಆತ ಗಂಟುಮೂಟೆ ಕಟ್ಟಿ ಬಂದ. ಆ ಹೊಣೆಯಲ್ಲಿ ನಮ್ಮ ಪಾಲೂ ಇದೆ.

ಅಮೇರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೋ ಅವರು 1975ರ ಲೇಖನದಲ್ಲೂ 1987ರ ಗ್ರಂಥದಲ್ಲೂ ಈ ವಿಷಯವನ್ನೇ ವಿವೇಚಿಸಿದರು. ವಿದ್ಯಾರ್ಥಿ ಕಾಲೇಜು ಬಿಡಲು ಬುದ್ಧಿಯ ಕೊರತೆಯೊಂದೇ ಕಾರಣವಲ್ಲ. ಓದಿನೊಂದಿಗೂ ಅಲ್ಲಿಯ ಜನರೊಂದಿಗೂ ಆತನ ನಂಟು ಬೆಳೆಯದಿದ್ದರೆ ಬಿಡುವ ಸಂಭವ ಹೆಚ್ಚು ಎಂಬುದು ಅವರ ವಿಚಾರದ ಸಾರ. ಭಾಷೆ ಬದಲಾಗುವ ಗಡಿನಾಡಿನ ಮಕ್ಕಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಯಾರ ಪಾಲು ಏನು?

ಮೊದಲನೆಯದು ಮನೆ. ಅಕ್ಟೋಬರದಲ್ಲಿ ದ್ರಾಕ್ಷಿಯ ಚಾಟ್ನಿ, ಮುಂದೆ ತೊಗರಿಯ ರಾಶಿ. ಮೊದಲ ಸತ್ರದ ಪರೀಕ್ಷೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. "ನಾಕ ದಿನ ಬಾ" ಎಂದು ಕರೆದರೆ ನಾಲ್ಕು ದಿನ ಹದಿನೈದಾಗುತ್ತವೆ. ಸಾಮಾನ್ಯವಾಗಿ ನೂರಕ್ಕೆ 75 ಹಾಜರಿ ಬೇಕೆಂಬ ನಿಯಮವನ್ನು ನೆನಪಿಡಬೇಕು. ಹೆಣ್ಣುಮಕ್ಕಳಿಗೆ ನಡುವರ್ಷ ಗಂಡು ಗೊತ್ತು ಮಾಡುವುದು ಬೇಡ. ಸಂಬಂಧ ಕೂಡಿ ಬಂದರೂ, ಪದವಿ ಮುಗಿಸುವ ಮಾತನ್ನು ಹಿರಿಯರ ಎದುರಿಗೇ ಬೀಗರಿಂದ ಪಡೆಯಬೇಕು.

ಎರಡನೆಯದು ವ್ಯಾಪಾರಸ್ಥರು. ಓದುವ ಹುಡುಗನಿಗೆ ಕೆಲಸ ಕೊಡುವುದು ಉಪಕಾರವೇ. ಆದರೆ ಕಾಲೇಜಿನ ಹೊತ್ತಿನಲ್ಲಿ ಆತ ಅಂಗಡಿಯಲ್ಲಿ ಕಂಡರೆ "ಯಾಕ ಬಂದಿ?" ಎಂದು ಕೇಳುವುದು ಅದಕ್ಕಿಂತ ದೊಡ್ಡ ಉಪಕಾರ.

ಮೂರನೆಯದು ಊರು ಮತ್ತು ಮಠ. ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ ಭಕ್ತರು ಕೊಟ್ಟ ಕಾಳುಕಡಿಯಿಂದ ಬಡ ಮಕ್ಕಳು ಉಂಡು ಓದಿದರು. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಏಳು ಜನ ಶಿಕ್ಷಕರು. ಬಾಗಿಲು ತೆರೆಯುವ ಕೆಲಸವನ್ನು ಹಿರಿಯರು ಮಾಡಿದ್ದಾರೆ. ಒಳಗೆ ಹೋದವರು ನಡುವೆ ಹೊರಬೀಳದಂತೆ ನೋಡುವುದು ನಮ್ಮ ಪಾಲಿನ ದಾಸೋಹ. ಕಾಲೇಜಿನಲ್ಲಿರುವ ನಮ್ಮವರೇ ಆದ ಹಿರಿಯ ವಿದ್ಯಾರ್ಥಿ ಹೊಸಬನಿಗೆ ವಾರಕ್ಕೆ ಎರಡು ಸಂಜೆ ಕನ್ನಡದಲ್ಲಿ ಪಾಠ ಬಿಡಿಸಿ ಹೇಳಿದರೆ ಅರ್ಧ ಭಯ ಹೋಗುತ್ತದೆ.

ವಿದ್ಯಾರ್ಥಿಯ ಪಾಲೂ ಇದೆ. ಕಷ್ಟವನ್ನು ಮುಚ್ಚಿಡದೆ ಒಬ್ಬರಿಗಾದರೂ ಹೇಳಬೇಕು.

ತಿಳಿದಿರಬೇಕಾದ ಕೆಲವು ಸಂಗತಿಗಳು

ಒಂದೆರಡು ವಿಷಯಗಳಲ್ಲಿ ನಪಾಸಾದರೆ ಎಲ್ಲವೂ ಮುಗಿಯಿತೆಂದು ತಂದೆತಾಯಿ ತಿಳಿಯುತ್ತಾರೆ. ಹಾಗಿಲ್ಲ, ನಿಯಮದ ಮಿತಿಯೊಳಗಿದ್ದರೆ ಎ.ಟಿ.ಕೆ.ಟಿ. ಮೇಲೆ ಮುಂದಿನ ತರಗತಿಗೆ ಹೋಗಿ, ಉಳಿದ ವಿಷಯಗಳನ್ನು ಮತ್ತೆ ಬರೆಯಬಹುದು.

ಮಹಾರಾಷ್ಟ್ರದ ವಿದ್ಯಾರ್ಥಿವೇತನಕ್ಕೆ ಮಹಾಡಿಬಿಟಿಯಲ್ಲಿ ಅರ್ಜಿ ಹಾಕಬೇಕು. ಮೊದಲ ವರ್ಷ ಬಂದಿತೆಂದು ಸುಮ್ಮನಿರದೆ ಪ್ರತಿ ವರ್ಷ ನವೀಕರಿಸಬೇಕು. ಆಧಾರ ಜೋಡಿಸಿದ ಬ್ಯಾಂಕ್ ಖಾತೆ ಇಲ್ಲದೆ ಹಣ ನಿಲ್ಲುವುದುಂಟು.

ಬಿಟ್ಟವರಿಗೂ ದಾರಿ ಇದೆ. 2021ರಲ್ಲಿ ಯು.ಜಿ.ಸಿ. ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯಲ್ಲಿ, ಪಾಸಾದ ವಿಷಯಗಳ ಕ್ರೆಡಿಟ್ಟುಗಳು ಗರಿಷ್ಠ ಏಳು ವರ್ಷ ಜಮೆಯಲ್ಲಿರುತ್ತವೆ. ಕಾಲೇಜು ಈ ವ್ಯವಸ್ಥೆಗೆ ಸೇರಿದೆಯೇ ಎಂದು ವಿಚಾರಿಸಿ, ಆ ಜಮೆಯ ಮೇಲೆಯೇ ಓದು ಮುಂದುವರಿಸಬಹುದು.

ಈ ತಿಂಗಳ ಅಭ್ಯಾಸ

ನಿಮ್ಮ ಊರಿನಿಂದ ಕಾಲೇಜಿಗೆ ಹೋದವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಬ್ಬೊಬ್ಬರ ಮುಂದೆ, ತಿಂಗಳಿಗೊಮ್ಮೆ ವಿಚಾರಿಸುವ ಹಿರಿಯರೊಬ್ಬರ ಹೆಸರು ಬರೆಯಿರಿ. "ಚಲೋ ಐತ್ರಿ" ಎಂದರೆ ಅಲ್ಲಿಗೇ ಬಿಡಬೇಡಿರಿ. ಎಷ್ಟು ದಿನ ತರಗತಿಗೆ ಹೋದೆ, ಯಾವ ವಿಷಯ ಕಠಿಣವಾಗಿದೆ, ಊಟ ಎಲ್ಲಿ ಎಂದು ಕೇಳಿರಿ. ಕಂಡದ್ದನ್ನು ಮನೆಯವರಿಗೆ, ಅಧ್ಯಾಪಕರಿಗೆ ತಿಳಿಸಿರಿ.

ಆ ದ್ರಾಕ್ಷಿ ಬೆಳೆಗಾರರ ಮನೆಗೆ ನಾವು ಮತ್ತೆ ಹೋಗಲಿದ್ದೇವೆ. ಏಳು ವರ್ಷ ಇನ್ನೂ ಆಗಿಲ್ಲ.