ಪತ್ತೇದಾರಿ ಚಿತ್ರಕ್ಕೆ ಕಂಟಿನ್ಯುಟಿ ಬರೆಯುವ ಮಗಳಿಗೆ

ಮಗಳೇ, 1970ರ ದಶಕದ ಕೊಲೆ ಕಥೆಯೊಂದಕ್ಕೆ ಕಂಟಿನ್ಯುಟಿ ಬರೆಯಲು ನಿನ್ನನ್ನು ತೆಗೆದುಕೊಂಡಿದ್ದಾರೆ ಎಂದು ನಿನ್ನಮ್ಮ ಹೇಳಿದಳು. ತುಂಬ ಸಂತೋಷವಾಯಿತು. ಬೇರೆ ಚಿತ್ರದಲ್ಲಿ ನಾಯಕನ ವಾಚು ಎಡಗೈಯಿಂದ ಬಲಗೈಗೆ ಬಂದರೆ ನೋಡಿದವರು ನಕ್ಕು ಮರೆಯುತ್ತಾರೆ. ಪತ್ತೇದಾರಿ ಚಿತ್ರದಲ್ಲಿ ಹಾಗಾಗುವುದಿಲ್ಲ. ಎಲ್ಲವನ್ನೂ ಗಮನಿಸಿ ಎಂದು ಪ್ರೇಕ್ಷಕರಿಗೆ ಮೊದಲ ದೃಶ್ಯದಲ್ಲೇ ಹೇಳಿಕೊಟ್ಟವರು ನಾವು. ವಾಚು ಕೈ ಬದಲಿಸಿದರೆ ಅದನ್ನವರು ಸುಳಿವೆಂದೇ ತಿಳಿದು ಕೊನೆಯ ರೀಲಿನವರೆಗೂ ಉತ್ತರಕ್ಕೆ ಕಾಯುತ್ತಾರೆ. ಉತ್ತರ ಬರದಿದ್ದರೆ ನಾವು ಅವರಿಗೆ ಮಾತು ತಪ್ಪಿದಂತೆ. ನಿನ್ನ ಕೆಲಸ ಆ ಮಾತನ್ನು ಕಾಯುವುದು. ದೊಡ್ಡಪ್ಪನಿಗೆ ತಿಳಿದಷ್ಟನ್ನು ಬರೆದಿದ್ದೇನೆ. ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿಕೋ.

• ಸ್ಕ್ರಿಪ್ಟ್ ಕೈಗೆ ಬಂದ ದಿನವೇ ಎರಡು ಪಟ್ಟಿ ಮಾಡು. ಒಂದರಲ್ಲಿ ದೃಶ್ಯಗಳು ತೆರೆಯ ಮೇಲೆ ಬರುವ ಕ್ರಮ. ಇನ್ನೊಂದರಲ್ಲಿ ಘಟನೆಗಳು ನಿಜಕ್ಕೂ ನಡೆದ ಕ್ರಮ: ಯಾರು ಎಷ್ಟು ಗಂಟೆಗೆ ಎಲ್ಲಿದ್ದರು, ಯಾರಿಗೆ ಯಾವ ಸಂಗತಿ ಯಾವಾಗ ಗೊತ್ತಾಯಿತು. ಈ ಎರಡನೆಯ ಪಟ್ಟಿಯಲ್ಲೇ ದೊಡ್ಡ ತಪ್ಪುಗಳು ಸಿಗುವುದು. ಇನ್‌ಸ್ಪೆಕ್ಟರಿಗೆ ಇನ್ನೂ ಹೇಳದ ಹೆಸರು ಅವನ ಬಾಯಲ್ಲಿ ಬರುವುದು, ಕತ್ತಲ ಮನೆಯಲ್ಲಿದ್ದ ಸಾಕ್ಷಿ ಸೀರೆಯ ಬಣ್ಣ ಹೇಳುವುದು, ಇಂಥವು. ಹೋವರ್ಡ್ ಹಾಕ್ಸ್ ನಿರ್ದೇಶಿಸಿದ 'ದಿ ಬಿಗ್ ಸ್ಲೀಪ್' 1946ರಲ್ಲಿ ಬಂತು. ಅದರಲ್ಲಿ ಕಾರಿನ ಡ್ರೈವರನನ್ನು ಕೊಂದವರು ಯಾರೆಂದು ಇವತ್ತಿಗೂ ಸ್ಪಷ್ಟವಿಲ್ಲ; ಕಾದಂಬರಿ ಬರೆದ ರೇಮಂಡ್ ಚಾಂಡ್ಲರನನ್ನೇ ಕೇಳಿದಾಗ ಅವನಿಗೂ ಹೇಳಲಾಗಲಿಲ್ಲ. ಅಂಥ ಚಿತ್ರ ಗೆಲ್ಲಲು ಬೇರೆ ಕಾರಣಗಳಿದ್ದವು. ನಾವು ಅದನ್ನು ನೆಚ್ಚಿಕೊಳ್ಳಬಾರದು.

• ಕಥೆಗೆ ತಾರೀಕು ಕೊಟ್ಟರೆ ವಾರವನ್ನೂ ತಿಥಿಯನ್ನೂ ಹಳೆಯ ಪಂಚಾಂಗದಲ್ಲಿ ನೋಡು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರ್ 1 ಗುರುವಾರ. ಅಂದು ಯಾರಾದರೂ 'ಇವತ್ತು ಭಾನುವಾರ, ಬ್ಯಾಂಕ್ ಇಲ್ಲ' ಅಂದರೆ ಕಥೆ ಅಲ್ಲೇ ಕುಸಿಯಿತು. ತಿಥಿ ತಪ್ಪುವುದು ಇನ್ನೂ ಹೆಚ್ಚು. ದೀಪಾವಳಿಯ ಅಮಾವಾಸ್ಯೆ ರಾತ್ರಿ ಬೆಳದಿಂಗಳಲ್ಲಿ ಕೊಲೆಗಾರನ ಮುಖ ಕಾಣಿಸುವುದಿಲ್ಲ. ಶಿವರಾತ್ರಿಯ ಜಾಗರಣೆಯಲ್ಲೂ ಅಷ್ಟೇ, ಅದು ಕೃಷ್ಣಪಕ್ಷದ ಚತುರ್ದಶಿ, ಚಂದ್ರ ಬರುವುದು ಬೆಳಗಿನ ಜಾವಕ್ಕೆ, ಅದೂ ಎಳೆಯಷ್ಟು. 'ಟೈಟಾನಿಕ್' ಚಿತ್ರದ ನಕ್ಷತ್ರಗಳು ಹಡಗು ಮುಳುಗಿದ ರಾತ್ರಿಯ ಆಕಾಶದವಲ್ಲ ಎಂದು ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಹೇಳಿದಾಗ, ಜೇಮ್ಸ್ ಕ್ಯಾಮರೂನ್ 2012ರ ಮರುಬಿಡುಗಡೆಗೆ ಆಕಾಶವನ್ನೇ ತಿದ್ದಿದರು. ಹೇಳಿದವರ ಮಾತಿಗೆ ಅಷ್ಟು ಬೆಲೆ ಕೊಟ್ಟರಲ್ಲ, ಅದು ನನಗೆ ಬಹಳ ಮೆಚ್ಚುಗೆ.

• ಎರಡನೆಯ ಮಹಾಯುದ್ಧದ ಕಥೆ ಸಿಕ್ಕಿದರೆ ಇದನ್ನು ನೆನಪಿಡು: 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ ನಮ್ಮ ದೇಶದ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತಿತ್ತು. ಸಂಜೆ ಏಳೆಂದರೆ ಇನ್ನೂ ಬೆಳಕು.

• ಹಣ. ಸೂಟ್‌ಕೇಸ್ ತೆರೆದು ನೋಟಿನ ಕಟ್ಟು ತೋರಿಸುವ ದೃಶ್ಯ ಇಂಥ ಕಥೆಯಲ್ಲಿ ಇದ್ದೇ ಇರುತ್ತದೆ. 500 ರೂಪಾಯಿ ನೋಟು ಬಂದದ್ದು 1987ರಲ್ಲಿ. 1975ರ ಸುಲಿಗೆಯ ಹಣ ನೂರರ ಕಟ್ಟುಗಳಲ್ಲಿರಬೇಕು, ಹಾಗಾದರೆ ಸೂಟ್‌ಕೇಸ್ ಎಷ್ಟು ದೊಡ್ಡದು ಎಂದೂ ಯೋಚಿಸು. ಕಪ್ಪುಹಣದವರಾದರೆ ಸಾವಿರದ, ಐದು ಸಾವಿರದ, ಹತ್ತು ಸಾವಿರದ ನೋಟು ಇಟ್ಟಿರಬಹುದು. ಅವನ್ನು ಸರಕಾರ 1978ರ ಜನವರಿಯಲ್ಲಿ ರದ್ದು ಮಾಡಿತು. ಈಗ ನಮ್ಮ ಕಣ್ಣಿಗೆ ರೂಢಿಯಾದ ಗಾಂಧಿ ಸರಣಿಯ ನೋಟುಗಳು 1996ರವು. ರೂಪಾಯಿ ಚಿಹ್ನೆ 2010ರದ್ದು, ಅಂಗಡಿಯ ಬೋರ್ಡಿನ ಮೂಲೆಯಲ್ಲಿ ಅದು ಅಡಗಿ ಕುಳಿತಿರುತ್ತದೆ.

• ಪತ್ರ ತೋರಿಸಿದರೆ ಲಕೋಟೆಯನ್ನೂ ನೋಡು. ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮುಂಚಿನ ವಿಳಾಸದಲ್ಲಿ ಆರಂಕಿ ಇರಕೂಡದು.

• ಫೋನಿಗೆ ನೀನು ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಇಂದಿನ ಬರಹಗಾರರು ಎಡವುವುದು ಇಲ್ಲೇ. ಆಗ ಚಿಕ್ಕಮಗಳೂರಿನ ಎಸ್ಟೇಟಿನಿಂದ ಬೆಂಗಳೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂದು ದರ ಬೇರೆ ಬೇರೆ. ಸಾಧಾರಣವಾದರೆ ಗಂಟೆಗಟ್ಟಲೆ ಕಾಯಬೇಕು. ಮೂರು ನಿಮಿಷ ಮುಗಿದರೆ ಆಪರೇಟರ್ ನಡುವೆ ಬರುತ್ತಾಳೆ. ಎಸ್‌ಟಿಡಿ 1960ರಲ್ಲಿ ಕಾನ್ಪುರ–ಲಖನೌ ನಡುವೆ ಶುರುವಾದರೂ ಸಣ್ಣ ಊರಿಗೆ ಬರಲು ವರ್ಷಗಳೇ ಹಿಡಿದವು. ಹಾಗಾಗಿ ಊರಿಂದೂರಿಗೆ ಬರುವ ಪ್ರತಿ ಕರೆಗೂ ಎಕ್ಸ್‌ಚೇಂಜಿನಲ್ಲಿ ಒಂದು ಚೀಟಿ ಉಳಿಯುತ್ತದೆ, ಒಬ್ಬ ಸಾಕ್ಷಿ ಇರುತ್ತಾಳೆ. ನಿಮ್ಮ ಕಥೆಯ ಪೊಲೀಸರು ಅವಳನ್ನು ಕೇಳದೆಯೇ 'ಕರೆ ಮಾಡಿದವರು ಯಾರೋ ಗೊತ್ತಿಲ್ಲ' ಎಂದು ಕೈಚೆಲ್ಲಿದರೆ, ಆ ಕಾಲ ಕಂಡ ಪ್ರತಿಯೊಬ್ಬರೂ ಕುರ್ಚಿಯಲ್ಲಿ ಚಡಪಡಿಸುತ್ತಾರೆ. ಇದನ್ನು ನಿರ್ದೇಶಕರಿಗೆ ಶೂಟಿಂಗಿಗೆ ಮುಂಚೆಯೇ ಹೇಳು. ತಪ್ಪು ತಿದ್ದುವ ನೆಪದಲ್ಲಿ ಒಳ್ಳೆಯ ದೃಶ್ಯವೊಂದು ಹುಟ್ಟಬಹುದು.

• ಕಥೆ 1956ಕ್ಕಿಂತ ಹಿಂದಿನದಾದರೆ ಊರು ಯಾವ ಆಡಳಿತದಲ್ಲಿತ್ತು ಎಂದು ಕೇಳು. ಅಂದಿನ ಮಂಗಳೂರು ಮದ್ರಾಸಿಗೆ ಸೇರಿತ್ತು, ಧಾರವಾಡ ಮುಂಬಯಿಗೆ, ಕಲಬುರಗಿ ಹೈದರಾಬಾದಿಗೆ. ಕೊಡಗು ತಾನೇ ಬೇರೆ. ಬೆಂಗಳೂರಿನಿಂದ ಹೊರಟ ಪತ್ತೇದಾರ ಮಂಗಳೂರಿಗೆ ಹೋಗಿ ಪೊಲೀಸರಿಗೆ ಆಜ್ಞೆ ಮಾಡಲಾರ, ಬೇರೆ ರಾಜ್ಯದ ಅಧಿಕಾರಿಯ ಅನುಮತಿ ಬೇಡಬೇಕು. 1940ರ ದಶಕದ ಕಲಬುರಗಿಯಲ್ಲಿ ಕೈಬದಲಾಗುವುದು ನಿಜಾಮರ ಹಾಲಿ ಸಿಕ್ಕಾ. 1950ರ ದಶಕದ ಆರಂಭದ ಧಾರವಾಡದಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಬೀದಿಯಲ್ಲಿ ಬಾರಿನ ಬೋರ್ಡು ತೂಗುಹಾಕಿದ ಕಲಾ ನಿರ್ದೇಶಕರ ಬಳಿ ಮೆಲ್ಲಗೆ ಹೋಗಿ ಮಾತಾಡು. ನಮ್ಮ ನಾಡಿನ ಈ ಚರಿತ್ರೆಯನ್ನು ಸರಿಯಾಗಿ ತೋರಿಸಿದ ಪತ್ತೇದಾರಿ ಚಿತ್ರ ನೋಡಬೇಕೆಂದು ನನಗೆ ಬಹಳ ದಿನದ ಆಸೆ.

• ಗಾಡಿಗಳು. ಕೆಎ ಮತ್ತು ಎರಡಂಕಿಯ ಪ್ಲೇಟು ಬಂದದ್ದು 1989ರಲ್ಲಿ ಹೊಸ ಮೋಟಾರು ಕಾಯಿದೆ ಜಾರಿಯಾದ ಮೇಲೆ. ಮೈಸೂರು ರಾಜ್ಯದ ಕಾಲದಲ್ಲಿ ಎಂವೈಯಿಂದ ಶುರುವಾಗುವ ಮೂರಕ್ಷರದ ಪ್ಲೇಟು ಇತ್ತು. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಬೆಂಗಳೂರು–ಮೈಸೂರು ರೈಲು 1990ರ ದಶಕದ ಆರಂಭದವರೆಗೂ ಮೀಟರ್ ಗೇಜಿನದು, ಮೇಲೆ ವಿದ್ಯುತ್ ತಂತಿ ಇರಲಿಲ್ಲ. ಫ್ರೇಮಿನ ಮೇಲಂಚಿಗೆ ಸದಾ ಒಂದು ಕಣ್ಣಿಡು.

• ನೆಲವನ್ನೂ ನೋಡು. ಕಾಂಗ್ರೆಸ್ ಗಿಡವನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1950ರ ದಶಕದ ನಡುವೆ, ಪುಣೆಯಲ್ಲಿ. 1940ರ ಹಳ್ಳಿ ದಾರಿಯಲ್ಲಿ ಪತ್ತೇದಾರ ನಡೆಯುವಾಗ ಇಕ್ಕೆಲದಲ್ಲೂ ಅದರ ಬಿಳಿ ಹೂವು ತಲೆದೂಗುತ್ತಿದ್ದರೆ, ಇಬ್ಬರು ಹುಡುಗರನ್ನು ಕಳಿಸಿ ಕೀಳಿಸಿಬಿಡು. ಒಂದು ಗಂಟೆಯ ಕೆಲಸ. ಕೈಗೆ ಗ್ಲೌಸ್ ಕೊಡು, ಮೈ ತುರಿಸುತ್ತದೆ.

• ಪೊಲೀಸರ ವಿದ್ಯೆ ಎಷ್ಟಿತ್ತು ಎಂಬುದು ಕಥೆಯ ಬೆನ್ನೆಲುಬು. ಬೆರಳಚ್ಚು ಹಳೆಯದು: ಕಲಕತ್ತೆಯಲ್ಲಿ 1897ರಲ್ಲೇ ಬ್ಯೂರೊ ಇತ್ತು, ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ವರ್ಗೀಕರಣದ ವಿಧಾನ ರೂಪಿಸಿದರು. ಆದ್ದರಿಂದ 1930ರ ಕಥೆಯಲ್ಲಿ ಬೆರಳಚ್ಚು ಕಂಡರೆ ತಪ್ಪೆನ್ನಬೇಡ. ಡಿಎನ್‌ಎ ಹಾಗಲ್ಲ, ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಅದರಿಂದ ಗುರುತು ಹಿಡಿಯುವ ವಿಧಾನ ಕಂಡುಕೊಂಡದ್ದು 1984ರಲ್ಲಿ. ಕೊಲೆಗೆ ಸೆಕ್ಷನ್ 302 ಎಂಬುದು ನಿಮ್ಮ ಕಾಲಕ್ಕೆ ಸರಿ. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಂಹಿತೆಯ ಸಂಖ್ಯೆ ಡಬ್ಬಿಂಗಿನಲ್ಲಿ ನುಸುಳದಂತೆ ನೋಡಿಕೋ.

• ಹೆಣದ ವಿಷಯದಲ್ಲಿ ಸಂಕೋಚ ಬೇಡ. ಸತ್ತ ಕೆಲವು ಗಂಟೆಗಳಲ್ಲಿ ಮೈ ಬಿಗಿಯತೊಡಗಿ, ಸುಮಾರು 12 ಗಂಟೆಯ ಹೊತ್ತಿಗೆ ಪೂರ್ತಿ ಸೆಟೆದುಕೊಳ್ಳುತ್ತದೆ. ಸೆಕೆಯಲ್ಲಿ ಬೇಗ, ಚಳಿಯಲ್ಲಿ ತಡ. ರಾತ್ರಿ ಒಂಬತ್ತಕ್ಕೆ ಕೊಲೆಯಾದವನ ಕೈಯನ್ನು ಬೆಳಿಗ್ಗೆ ಒಂಬತ್ತಕ್ಕೆ ಎತ್ತಿ ಬಿಟ್ಟರೆ ಅದು ಜೋತುಬೀಳುವುದಿಲ್ಲ. ನೆಲದ ರಕ್ತವೂ ಅಷ್ಟರಲ್ಲಿ ಒಣಗಿ ಕಂದಾಗಿರುತ್ತದೆ. ಮೇಕಪ್‌ನವರಿಗೆ ಎರಡು ಬಾಟಲಿ ತರಲು ಹೇಳು, ಕೆಂಪು ಒಂದು, ಕಂದು ಒಂದು.

• ಸೆಟ್ಟಿನಲ್ಲಿ ಪ್ರತಿ ಟೇಕ್ ಮುಗಿದ ಕೂಡಲೇ, ಯಾರೂ ಏನನ್ನೂ ಮುಟ್ಟುವ ಮೊದಲು, ಫೋಟೊ ತೆಗೆ. ಸಿಗರೇಟಿನ ಉದ್ದ, ಕಾಫಿ ಲೋಟದ ಮಟ್ಟ, ಮೇಣದಬತ್ತಿ, ಗೋಡೆ ಗಡಿಯಾರ, ಸೆರಗು. ಗಡಿಯಾರದ ಸೆಲ್ ತೆಗೆಸಿ ಮುಳ್ಳನ್ನು ನೀನೇ ತಿರುಗಿಸು. ಊಟದ ಬ್ರೇಕ್ ಆದ ಮೇಲೆ ನೆರಳು ಎತ್ತ ತಿರುಗಿದೆ ನೋಡು, ಒಂದೇ ಸಂಭಾಷಣೆಯಲ್ಲಿ ಬೆಳಗೂ ಮಧ್ಯಾಹ್ನವೂ ಬೆರೆಯುವುದು ಹೀಗೆಯೇ. ಹಿಂದೆ ನಿಂತ ಜೂನಿಯರ್ ಆರ್ಟಿಸ್ಟ್‌ಗಳನ್ನೂ ಗಮನಿಸು. ಹಿಚ್‌ಕಾಕ್‌ನ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರದ ಕೆಫೆಟೇರಿಯಾ ದೃಶ್ಯದಲ್ಲಿ ಗುಂಡು ಹಾರುವ ಮೊದಲೇ ಹಿಂದಿನ ಹುಡುಗನೊಬ್ಬ ಕಿವಿ ಮುಚ್ಚಿಕೊಳ್ಳುತ್ತಾನೆ. ರಿಹರ್ಸಲ್ ಮಾಡಿ ಮಾಡಿ ಅವನಿಗೆ ಸದ್ದು ಯಾವಾಗ ಬರುತ್ತದೆಂದು ಗೊತ್ತಾಗಿತ್ತು, ಪಾಪ.

• ಕಂಡದ್ದೆಲ್ಲ ತಪ್ಪಲ್ಲ. 'ಚೈನಾಟೌನ್' ನಡೆಯುವುದು 1937ರಲ್ಲಿ. ಲಾಸ್ ಏಂಜಲಿಸ್‌ಗೆ ದೂರದ ಕಣಿವೆಯ ನೀರು ತಂದ, ಆ ಕಥೆಗೆ ಪ್ರೇರಣೆಯಾದ ಕಾಲುವೆ ತೆರೆದದ್ದು 1913ರಲ್ಲಿ. ಬರಹಗಾರ ರಾಬರ್ಟ್ ಟೌನ್ ಹೆಸರುಗಳನ್ನೂ ಬದಲಿಸಿ, ತಿಳಿದೇ ಕಾಲ ಸರಿಸಿದ. ನಿನಗೆ ಸಂಶಯ ಬಂದರೆ ಮೊದಲು ಕೇಳು: 'ಸಾರ್, ಇದು ಬೇಕೆಂದೇ ಇಟ್ಟದ್ದಾ?' ಒಂದೊಂದು ಸಲ ಅದೇ ಸುಳಿವಾಗಿರುತ್ತದೆ. ನೀನು ಸರಿಪಡಿಸಿಬಿಟ್ಟರೆ ಕಥೆಯೇ ಹೋಗುತ್ತದೆ.

• ಹೇಳುವಾಗ ಎಲ್ಲರೆದುರು ಹೇಳಬೇಡ, ಮಾನಿಟರ್ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳು. ಟೇಕ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿ. ಆದರೆ ತಪ್ಪು ಕೊಲೆಯ ಹೊತ್ತನ್ನೋ ಕೊಲೆಗಾರನ ಗುರುತನ್ನೋ ಮುಟ್ಟುವುದಾದರೆ, ಲೊಕೇಶನ್ ಬಿಟ್ಟು ಹೊರಡುವ ಮೊದಲು ಹೇಳಲೇಬೇಕು, ಬೈದರೂ ಸರಿ. ಲೋಟದ ಕಾಫಿ ಒಂದು ಗುಟುಕು ಹೆಚ್ಚುಕಡಿಮೆಯಾಗಿದ್ದರೆ ಬರೆದಿಟ್ಟು ಎಡಿಟರಿಗೆ ಬಿಡು, ಅವರು ಬೇರೆ ಟೇಕ್ ಹುಡುಕುತ್ತಾರೆ.

• ಎಡಿಟಿಂಗ್ ಮುಗಿದ ಮೇಲೆ ಮೂರು ಸಲ ನೋಡು. ಮೊದಲು ಕಥೆಗಾಗಿ, ಏನೂ ಬರೆದುಕೊಳ್ಳದೆ. ಆಮೇಲೆ ಸದ್ದು ಆರಿಸಿ, ವಸ್ತುಗಳಿಗಾಗಿ. ಕೊನೆಗೆ ಚಿತ್ರ ನೋಡದೆ ಬರೀ ಮಾತು ಕೇಳು, ಕೈಯಲ್ಲಿ ಆ ಎರಡನೆಯ ಪಟ್ಟಿ ಹಿಡಿದುಕೊಂಡು. ಶಾಟ್ ಎಡಬಲ ತಿರುಗಿಸಿದ್ದಾರೆ ಅನ್ನಿಸಿದರೆ ಅಂಗಿಯ ಗುಂಡಿಯ ಬದಿ, ಬೈತಲೆ, ಬೋರ್ಡಿನ ಅಕ್ಷರ ನೋಡಿದರೆ ಸಾಕು, ಗೊತ್ತಾಗುತ್ತದೆ.