ಗಾಯಕ್ಕೊಂದು ಹಂದರ

ಭಟ್ಕಳ ತಾಲೂಕಿನ ಬೆಳಕೆಯಿಂದ ಹೊನ್ನಾವರ, ಕುಮಟಾಗಳವರೆಗಿನ ಕರಾವಳಿಯಲ್ಲಿ ಕಾಯಕವೆಂದರೆ ಬಹುಪಾಲು ಬರಿಗಾಲಿನ ದುಡಿಮೆ. ಗದ್ದೆಯ ಕೆಸರು, ತೋಟದ ಮುಳ್ಳು, ಕಡಲದಂಡೆಯ ಚಿಪ್ಪು ಇವುಗಳಿಂದ ಕಾಲಿಗೆ ಗಾಯವಾಗುವುದು ಸಹಜ. ಹೆಚ್ಚಿನವು ತಾವಾಗಿಯೇ ಮಾಯುತ್ತವೆ. ಆದರೆ ಮಧುಮೇಹವುಳ್ಳವರಲ್ಲಿ ನರಗಳು ಮಂದವಾಗಿ ನೋವು ತಿಳಿಯದು. ರಕ್ತಸಂಚಾರ ಕುಗ್ಗಿ ಗಾಯ ಕೂಡಿಬಾರದು. ಹೀಗೆ ಸಣ್ಣದೊಂದು ಮುಳ್ಳು ಕೊನೆಗೆ ಪಾದವನ್ನೇ ಕಸಿದುಕೊಳ್ಳಬಹುದು. ಆದ್ದರಿಂದ ಗಾಯ ಮಾಯುವ ಬಗೆಯನ್ನು ಸದ್ಭಕ್ತರು ಅರಿತಿರುವುದು ಒಳಿತು.

ಗಾಯ ಮಾಯುವುದು ನಾಲ್ಕು ಹಂತಗಳಲ್ಲಿ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಬಳಿಕ ಬಿಳಿಯ ರಕ್ತಕಣಗಳು ಬಂದು ಕೊಳೆಯನ್ನೂ ರೋಗಾಣುಗಳನ್ನೂ ತೆಗೆಯುತ್ತವೆ. ಊತ, ಕೆಂಪು ಕಾಣುವುದು ಆಗಲೇ. ಮೂರನೆಯ ಹಂತದಲ್ಲಿ ಹೊಸ ರಕ್ತನಾಳಗಳೂ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳೂ ಹುಟ್ಟಿ ತಗ್ಗನ್ನು ತುಂಬುತ್ತವೆ, ಅಂಚಿನಿಂದ ಚರ್ಮ ಹರಿದುಬರುತ್ತದೆ. ಕೊನೆಯಲ್ಲಿ ಆ ಎಳೆಗಳು ತಿಂಗಳುಗಟ್ಟಲೆ ಬಲಗೊಳ್ಳುತ್ತವೆ. ಆದರೂ ಮಾಯ್ದ ಚರ್ಮಕ್ಕೆ ಮೊದಲಿನ ಬಲದ ಸುಮಾರು ಶೇ. 80ಕ್ಕಿಂತ ಹೆಚ್ಚು ಮರಳಿ ಬಾರದು.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬುದು ಹಳೆಯ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತೆಳುಹಾಳೆ ಮುಚ್ಚಿ ತೇವವಾಗಿರಿಸಿದ ಮೇಲ್ಮೈ ಗಾಯವು ಒಣಗಲು ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಚರ್ಮ ಕಟ್ಟಿತು. ಹೊಸ ಚರ್ಮದ ಕೋಶಗಳು ತೇವದಲ್ಲಿ ಸರಾಗವಾಗಿ ಸರಿಯುತ್ತವೆ. ಒಣ ಹೊಪ್ಪಳೆಯ ಕೆಳಗೆ ಅವು ದಾರಿ ಹುಡುಕಬೇಕಾಗುತ್ತದೆ. ಇಂದಿನ ಪಟ್ಟಿಗಳ ಶಾಸ್ತ್ರ ಇದರ ಮೇಲೆ ನಿಂತಿದೆ.

ಆಳವಾದ ಗಾಯಕ್ಕೆ ಬರಿಯ ಮುಚ್ಚಿಗೆ ಸಾಲದು. ತೊಂಡೆಬಳ್ಳಿಗೆ ಹಂದರ ಬೇಕಾಗುವಂತೆ ಕೋಶಗಳಿಗೂ ಏರಿ ಹಬ್ಬಲು ಆಸರೆ ಬೇಕು. ರಂಧ್ರಗಳುಳ್ಳ ಜೈವಿಕ ಹಾಳೆಯನ್ನು ಶುದ್ಧಗೊಳಿಸಿದ ಗಾಯದಲ್ಲಿ ಇರಿಸಿದರೆ ಕೋಶಗಳೂ ರಕ್ತನಾಳಗಳೂ ಅದರೊಳಗೆ ನುಗ್ಗುತ್ತವೆ. ಹೊಸ ಊತಕ ಬೆಳೆದಂತೆ ಹಂದರ ಕರಗಿಹೋಗುತ್ತದೆ. ಅಮೆರಿಕದ ಯಾನಾಸ್ ಮತ್ತು ಬರ್ಕ್ 1981ರಲ್ಲಿ ದನದ ಕೊಲಾಜನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯ ಅಂಶದಿಂದ ಇಂತಹ ಕೃತಕ ಚರ್ಮವನ್ನು ಸುಟ್ಟ ಗಾಯಗಳಿಗೆ ಬಳಸಿದ್ದನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾಲಯ ಕೊಲಾಜನ್ ಪಟ್ಟಿಗಳನ್ನು ರೂಪಿಸಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹಂದಿಯ ಪಿತ್ತಕೋಶದಿಂದ ಸಿದ್ಧವಾದ ಹಂದರಕ್ಕೆ 2023ರಲ್ಲಿ ಅನುಮತಿ ದೊರೆತ ಸುದ್ದಿ ಬಂದಿತು. ಬೆಂಗಳೂರಿನ ಫೈಬ್ರೊಹೀಲ್ ಸಂಸ್ಥೆ ರೇಷ್ಮೆಯ ಪ್ರೋಟೀನಿನಿಂದ ಪಟ್ಟಿಗಳನ್ನು ತಯಾರಿಸುತ್ತಿದೆ. ಸಿಗಡಿಯ ಸಿಪ್ಪೆಯಿಂದ ತೆಗೆಯುವ ಕೈಟೋಸಾನ್ ಧನ ವಿದ್ಯುದಾವೇಶ ಹೊಂದಿರುವುದರಿಂದ, ಋಣ ಆವೇಶದ ಕೆಂಪು ರಕ್ತಕಣಗಳನ್ನು ಒಟ್ಟುಗೂಡಿಸಿ ರಕ್ತಸ್ರಾವ ತಡೆಯುತ್ತದೆ.

ಇಲ್ಲಿ ಶಾಕಾಹಾರಿ ಭಕ್ತರ ಮನದಲ್ಲಿ ಪ್ರಶ್ನೆ ಏಳುವುದು ಸಹಜ: ದನ, ಹಂದಿ, ಮೀನುಗಳಿಂದ ಬಂದುದನ್ನು ಮೈಗೆ ಹಚ್ಚಿಕೊಳ್ಳಬಹುದೇ? ರೇಷ್ಮೆಯೂ ಸಾಮಾನ್ಯವಾಗಿ ಹುಳುವಿನ ಸಾವಿನಿಂದಲೇ ದೊರೆಯುವಂಥದು. ಇದನ್ನು ಮನಸ್ಸಿನಲ್ಲೇ ಅದುಮಿಟ್ಟುಕೊಂಡು ಚಿಕಿತ್ಸೆಗೆ ಹೋಗದಿರುವುದು ಸರಿಯಲ್ಲ. ವೈದ್ಯರನ್ನು ಮುಂಚಿತವಾಗಿಯೇ ಕೇಳಿರಿ. ಕಂದುಬಣ್ಣದ ಕಡಲಪಾಚಿಯಿಂದಾಗುವ ಆಲ್ಜಿನೇಟ್ ಪಟ್ಟಿ, ಸಸ್ಯದ ಸೆಲ್ಯುಲೋಸ್‌ನಿಂದಾದ ಪಟ್ಟಿಗಳು ಇವೆ. ಆಲ್ಜಿನೇಟ್ ಹೆಚ್ಚು ಕೀವು, ನೀರು ಸುರಿಯುವ ಗಾಯಕ್ಕೆ ತಕ್ಕದ್ದು. ಒಣ ಗಾಯಕ್ಕೆ ಅಲ್ಲ. ಆದರೆ ಎಲ್ಲ ಗಾಯಕ್ಕೂ ಬದಲಿ ಇರದು. ಅಂಗವೋ ಜೀವವೋ ಹೋಗುವ ಸಂದರ್ಭದಲ್ಲಿ ವೈದ್ಯರು ಬೇಕೆಂದುದನ್ನು ನಿರಾಕರಿಸಬಾರದೆಂಬುದು ನಮ್ಮ ವಿನಂತಿ. ಇಷ್ಟಲಿಂಗವನ್ನು ಧರಿಸುವ ಈ ಕಾಯದ ಮೇಲೂ ದಯೆ ಇರಬೇಕಲ್ಲವೇ? ಸಿಗಡಿ, ಮೀನು ತಿಂದರೆ ಅಲರ್ಜಿಯಾಗುವವರು ಅದನ್ನೂ ಮೊದಲೇ ತಿಳಿಸತಕ್ಕದ್ದು.

ಎಷ್ಟೇ ಉತ್ತಮ ಹಂದರವಾದರೂ ಕೊಳೆತ ನೆಲದಲ್ಲಿ ನಿಲ್ಲದು. ಸತ್ತ ಮಾಂಸ ತೆಗೆಯುವುದು, ಸೋಂಕಿಗೆ ಔಷಧಿ, ಸಕ್ಕರೆ ಅಂಶದ ಹತೋಟಿ, ಗಾಯದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು, ತಂಬಾಕು ತ್ಯಾಗ ಇವು ಮೊದಲು.

ಮನೆಯಲ್ಲಿ ಪಾಲಿಸಬೇಕಾದವು:

ಗಾಯವನ್ನು ಶುದ್ಧ ನೀರಿನಿಂದ ತೊಳೆದು ಸ್ವಚ್ಛ ಪಟ್ಟಿ ಕಟ್ಟಿರಿ. ಸುಣ್ಣ, ಕಾಫಿಪುಡಿ, ಸಗಣಿ, ಬೂದಿ ಹಚ್ಚಬೇಡಿರಿ.

ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಮಂಜುಗಡ್ಡೆ, ಎಣ್ಣೆ ಬೇಡ.

ಕೆಸರಿನಲ್ಲಿ ಆದ ಗಾಯಕ್ಕೆ ಧನುರ್ವಾತದ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿರಿ.

ಮಧುಮೇಹಿಗಳು ಬರಿಗಾಲಲ್ಲಿ ನಡೆಯದೆ, ಪ್ರತಿರಾತ್ರಿ ಅಂಗಾಲನ್ನು ಕನ್ನಡಿ ಹಿಡಿದೋ ಮನೆಯವರಿಂದಲೋ ನೋಡಿಸಿಕೊಳ್ಳಲಿ. ಗಾಯ ಕಂಡರೆ ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಲ್ಲಿಗೆ ಹೋಗಲಿ.

ದುರ್ವಾಸನೆ, ಕಪ್ಪು ಬಣ್ಣ, ಹಬ್ಬುವ ಕೆಂಪು, ಜ್ವರ ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಪೂಜೆಗೆ ಮುನ್ನ ಕೈಕಾಲು ತೊಳೆಯುವುದು ನಮ್ಮ ನಿತ್ಯದ ಆಚಾರ. ಆ ಹೊತ್ತಿನಲ್ಲಿ ಮನೆಯ ಹಿರಿಯರ ಪಾದದ ಕಡೆಗೆ ಒಮ್ಮೆ ಕಣ್ಣು ಹಾಯಿಸಿದರೆ ಅದೂ ಸೇವೆಯೇ. ಆ ಪಾದಗಳು ಉಳಿದರೆ ಕಾಯಕವೂ ಉಳಿಯುತ್ತದೆ. ಶರಣು.